ಹೃದಯದ ರಂಧ್ರ: ಚಿಕಿತ್ಸೆ ಸುಗಮ, ವಿಮೆ?

ಹೃದಯದಲ್ಲಿ ರಂಧ್ರವಿದೆ ಎಂದೊಡನೆ ಎದೆ ಸೀಳುವ ಶಸ್ತ್ರಕ್ರಿಯೆಯೇ ನಮ್ಮ ಕಣ್ಮುಂದೆ ಬರುತ್ತದೆ. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಇಂತಹ ರಂಧ್ರವನ್ನು ಮುಚ್ಚಿದಾಗ ಎದೆ ತೆರೆಯದೆ ಗತ್ಯಂತರವಿರಲಿಲ್ಲ. 1975ರಲ್ಲಿ ಅದೇ ದೇಶದ ಕಿಂಗ್ ಮತ್ತು ಮಿಲ್ಸ್ ಎಂಬ ವೈದ್ಯರು ರಕ್ತನಾಳದ ಮೂಲಕವೇ ಅದನ್ನು ಮುಚ್ಚಿ ತೋರಿಸಿದರು. 2001ರಲ್ಲಿ ಆಂಪ್ಲಾಟ್ಜರ್ ಸಾಧನಕ್ಕೆ ಅಲ್ಲಿ ಮನ್ನಣೆ ದೊರೆತ ಮೇಲೆ ಈ ಕ್ರಮ ವ್ಯಾಪಕವಾಯಿತು.

ಇದರ ಬಗೆ ಸರಳವಾದುದು. ತೊಡೆಸಂದಿಯ ಅಭಿಧಮನಿಯಿಂದ ಕೆಥೆಟರ್ ಎಂಬ ತೆಳು ಕೊಳವೆಯನ್ನು ಹೃದಯಕ್ಕೆ ಒಯ್ಯುತ್ತಾರೆ. ನಿಕ್ಕೆಲ್-ಟೈಟಾನಿಯಂ ತಂತಿಯಿಂದ ಹೆಣೆದ ಜೋಡಿ ಬಿಲ್ಲೆಗಳು ಮೇಲಿನ ಕೋಣೆಗಳ ನಡುವಣ ಗೋಡೆಯನ್ನು ಇಕ್ಕೆಲಗಳಿಂದ ಹಿಡಿದುಕೊಳ್ಳುತ್ತವೆ. ಕೆಲವು ತಿಂಗಳಲ್ಲಿ ಅವುಗಳ ಮೇಲೆ ದೇಹದ ಅಂಗಾಂಶವೇ ಬೆಳೆಯುತ್ತದೆ. ಆದರೆ ಗೋಡೆಯ ಮಧ್ಯಭಾಗದಲ್ಲಿದ್ದು, ಸುತ್ತಲೂ ಸಾಕಷ್ಟು ಅಂಚಿರುವ ರಂಧ್ರಕ್ಕೆ ಮಾತ್ರ ಇದು ಒಪ್ಪುತ್ತದೆ. ಉಳಿದವಕ್ಕೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ದಾರಿ. ಅಪರೂಪಕ್ಕೆ ಸಾಧನ ಜಾರುವುದೂ, ಹೃದಯದ ಗೋಡೆಯನ್ನು ಸವೆಸುವುದೂ ಉಂಟು. ಆದ್ದರಿಂದ ಮುಂದೆಯೂ ಎಕೋ ತಪಾಸಣೆ ತಪ್ಪಿಸಬಾರದು.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಇದರ ಹಣಕಾಸಿನ ಮುಖವೂ ಅಷ್ಟೇ ಮುಖ್ಯವೆನಿಸುತ್ತದೆ. ಈ ದೋಷ ಹುಟ್ಟಿನಿಂದ ಬಂದರೂ ಎಷ್ಟೋ ಮಂದಿಗೆ ಮೂವತ್ತು, ನಲವತ್ತು ದಾಟಿದ ಮೇಲೆ, ಏದುಸಿರು ಬಂದಾಗಲೇ ಗೊತ್ತಾಗುತ್ತದೆ. ಆಗ ಏಳುವ ಪ್ರಶ್ನೆ: ಇದು ವಿಮೆಗೆ ಮುಂಚಿನ ಕಾಯಿಲೆಯೇ? 2024ರ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ, ಪಾಲಿಸಿಗೆ ಮುಂಚಿನ ಮೂರು ವರ್ಷಗಳಲ್ಲಿ ವೈದ್ಯರು ಪತ್ತೆಹಚ್ಚಿದ ಅಥವಾ ಸಲಹೆ, ಚಿಕಿತ್ಸೆ ನೀಡಿದ ಕಾಯಿಲೆಯಷ್ಟೇ ಆ ವರ್ಗಕ್ಕೆ ಸೇರುತ್ತದೆ. ಅಂಥದಕ್ಕೂ ಕಾಯುವ ಅವಧಿ ಮೂರು ವರ್ಷ ಮೀರುವಂತಿಲ್ಲ. ಆದರೂ ಜನ್ಮಜಾತ ದೋಷಗಳ ಬಗ್ಗೆ ಪ್ರತ್ಯೇಕ ಷರತ್ತು ಹಾಕುವ ಪಾಲಿಸಿಗಳಿವೆ. ಸಹಿ ಮಾಡುವ ಮುನ್ನ ಅದನ್ನು ಓದುವುದು ನಮ್ಮ ಹೊಣೆ. ಗೊತ್ತಿರುವುದನ್ನು ಮುಚ್ಚಿಡದಿರುವುದೂ ನಮ್ಮದೇ ಹೊಣೆ.

ಇನ್ನೊಂದು ಮಾತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿ ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಲ್ಲಿ ಜನ್ಮಜಾತ ಹೃದ್ರೋಗವನ್ನೂ ಅರಸುತ್ತದೆ. ಮಹಾನಗರಗಳಲ್ಲಿ ನೆಲೆಸಿದ ನಮ್ಮ ಮಕ್ಕಳಲ್ಲಿ ಬಹುಪಾಲು ಖಾಸಗಿ ಶಾಲೆಗಳಲ್ಲಿ ಓದುತ್ತಿದ್ದಾರೆ. ಶುಲ್ಕ ಹೆಚ್ಚು ತೆತ್ತರೂ ಈ ತಪಾಸಣೆ ಅವರಿಗೆ ತಾನಾಗಿ ದಕ್ಕುವುದಿಲ್ಲ. ನಮ್ಮ ಕನ್ನಡ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಯ ಜೊತೆಗೆ ಮಕ್ಕಳ ಎದೆಬಡಿತವನ್ನೂ ತಜ್ಞರಿಂದ ಆಲಿಸುವ ಏರ್ಪಾಡು ಆಗಲಿ. ಬೇಗ ತಿಳಿದರೆ ಪರಿಹಾರ ಕೈಗೆಟುಕುತ್ತದೆ. ತಡವಾಗಿ ಶ್ವಾಸಕೋಶದ ರಕ್ತದೊತ್ತಡ ಮಿತಿಮೀರಿದರೆ ರಂಧ್ರ ಮುಚ್ಚುವುದೇ ಅಪಾಯವಾದೀತು.