ಮಾಸ್ಕ್ ಕೇಳಿದವರು ಕಿಟಕಿ ಕೇಳಲಿಲ್ಲ

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ನನ್ನ ಕೆಲಸ ಒಂದೇ, ಬೇಸಿಗೆ ಶಿಬಿರದ ಮಕ್ಕಳಿಗೆ ಹಾಡು ಹೇಳಿಕೊಡುವುದು. ಹಾಡು ಎಂದರೆ ಕೂತು ಗುನುಗುವುದಲ್ಲ. ಒಂದು ಕೋಣೆ ತುಂಬ ಮಕ್ಕಳು ಕತ್ತಿನ ನರ ಉಬ್ಬುವಂತೆ ಕೂಗುವುದು. ಹಾಗಾಗಿ ಕೋವಿಡ್ ಕಾಲದ ಮಾಸ್ಕ್ ನಿಯಮದ ಬಗ್ಗೆ ಡಾಕ್ಟರಲ್ಲದ ನಾನೂ ಎರಡು ಮಾತು ಆಡಬಹುದು ಎಂದುಕೊಂಡಿದ್ದೇನೆ. ಆ ರೋಗ ಹಬ್ಬಿದ್ದು ಉಸಿರಿನಿಂದ. ಉಸಿರು ನನ್ನ ಕಸುಬು.

2022ರ ಬೇಸಿಗೆ ನೆನಪಿಸಿಕೊಳ್ಳಿ. ಎರಡು ವರ್ಷ ಮನೆಯಲ್ಲೇ ಕೊಳೆತ ಮಕ್ಕಳನ್ನು ತಂದೆತಾಯಿ ಶಿಬಿರಕ್ಕೆ ತಂದು ಸುರಿದ ವರ್ಷ ಅದು. 12ರಿಂದ 14 ವರ್ಷದವರಿಗೆ ಮಾರ್ಚ್ 16ರಿಂದ ಲಸಿಕೆ ಶುರುವಾಗಿತ್ತು, ಅದಕ್ಕಿಂತ ಚಿಕ್ಕವರಿಗೆ ಇರಲಿಲ್ಲ. ಐದು ವರ್ಷದೊಳಗಿನವರಿಗೆ ಮಾಸ್ಕ್ ಬೇಡ, 6ರಿಂದ 11ರವರು ದೊಡ್ಡವರ ನಿಗಾದಲ್ಲಿ ಹಾಕಿಕೊಳ್ಳಬಹುದು ಎಂಬುದು ಕೇಂದ್ರದ ಸೂಚನೆ. ಏಪ್ರಿಲ್ ಕೊನೆಗೆ ರಾಜ್ಯ ಸರ್ಕಾರ ಸಾರ್ವಜನಿಕ ಸ್ಥಳಗಳಲ್ಲಿ ಮಾಸ್ಕ್ ಮತ್ತೆ ಕಡ್ಡಾಯ ಎಂದಿತು, ಆದರೆ ದಂಡವಿಲ್ಲ. ನಮ್ಮ ಶಿಬಿರದ ಫ್ಲೆಕ್ಸ್ ಮೇಲೂ ಕೆಂಪಕ್ಷರದಲ್ಲಿ ‘ಮಾಸ್ಕ್ ಕಡ್ಡಾಯ’ ಬಿತ್ತು.

ಬೆಳಿಗ್ಗೆ ಗೇಟಿನಲ್ಲಿ ಎಲ್ಲರ ಮುಖದ ಮೇಲೂ ಮಾಸ್ಕ್. ಚಿತ್ರಾನ್ನದ ಹೊತ್ತಿಗೆ ಅವು ಗಲ್ಲದ ಕೆಳಗೆ, ಕಿವಿಗೆ, ಜೇಬಿಗೆ. ತಿಂದಾದ ಮೇಲೆ ಅರಿಸಿನದ ಬೆರಳಲ್ಲೇ ಮತ್ತೆ ಮೇಲಕ್ಕೆ. ಒಬ್ಬಳು ಲಾಡಿಯನ್ನು ಕಚ್ಚಿ ಕಚ್ಚಿ ನಾರು ಮಾಡಿದ್ದಳು. ‘ಮಿಸ್, ಇವ ನನ್ನ ಮಾಸ್ಕ್ ಹಾಕ್ಕಂಡಾನೆ ನೋಡ್ರಿ’ ಎಂಬ ದೂರು ದಿನವೂ ಇದ್ದದ್ದೇ. ಸ್ಪೈಡರ್‌ಮ್ಯಾನ್ ಚಿತ್ರದ ಮಾಸ್ಕಿಗೆ ಬೇಡಿಕೆ ಜಾಸ್ತಿ. ಉದ್ಘಾಟನೆಗೆ ಬಂದ ಗಣ್ಯರದು ಇನ್ನೂ ಚೆಂದ: ಮೈಕಿನ ಮುಂದೆ ಗಂಟಲು ಹರಿಯುವಂತೆ ಮಾತಾಡುವಾಗ ಮಾಸ್ಕ್ ಇಳಿಸಿ, ಬಾಯಿ ಮುಚ್ಚಿ ಫೋಟೊಗೆ ನಿಂತಾಗ ಏರಿಸಿದರು.

ಇಷ್ಟೆಲ್ಲ ನಡೆದ ಸಭಾಂಗಣದ ಕಿಟಕಿಗಳು ಮಾತ್ರ ತೆರೆಯುತ್ತಿರಲಿಲ್ಲ. ಯಾವ ಕಾಲದಲ್ಲೋ ಬಳಿದ ಪೇಂಟು ಚೌಕಟ್ಟಿಗೆ ಅಂಟಿತ್ತು. ಎರಡು ಕಿಟಕಿಗೆ ಅಡ್ಡವಾಗಿದ್ದದ್ದು ಅದೇ ಫ್ಲೆಕ್ಸು. ‘ಮಕ್ಕಳಿಗೆ ಮಾಸ್ಕ್ ಹಾಕಿಸ್ತೀರಾ?’ ಎಂದು ಕೇಳದ ಪೋಷಕರಿಲ್ಲ. ಕಿಟಕಿ ಬಗ್ಗೆ ಕೇಳಿದವರಿಲ್ಲ. ಬಾಡಿಗೆ ಕೊಟ್ಟವರಿಗೆ ಹೇಳಿದರೆ, ‘ಫ್ಯಾನ್ ಐತಲ್ರೀ’ ಎಂದರು. ಕೊನೆಗೆ ನಾನೇ ಮಕ್ಕಳನ್ನು ಹಿತ್ತಲಿನ ಹೊಂಗೆ ಮರದಡಿ ಕೂರಿಸಿ, ಮಾಸ್ಕ್ ತೆಗೆಸಿ ಹಾಡಿಸಿದೆ. ‘ಕಡ್ಡಾಯ ಅಂತ ಬರೆದು ಹೀಗಾ ಮೇಡಂ?’ ಎಂದು ಒಬ್ಬ ತಂದೆ ಸಿಟ್ಟಾದರು.

ಅವರಿಗೆ ಅಮೆರಿಕದ ಜಾರ್ಜಿಯಾದ ಕತೆ ಹೇಳಿದೆ, ನಿಮಗೂ ಹೇಳುತ್ತೇನೆ. 2020ರ ಜೂನಿನಲ್ಲಿ ಅಲ್ಲೊಂದು ವಸತಿ ಶಿಬಿರ ನಡೆಯಿತು. ಬರುವ ಮುಂಚಿನ 12 ದಿನದೊಳಗೆ ಪರೀಕ್ಷೆ ಮಾಡಿಸಿ ನೆಗೆಟಿವ್ ವರದಿ ತರಬೇಕಿತ್ತು. ಸಿಬ್ಬಂದಿಗೆ ಮಾಸ್ಕ್, ಮಕ್ಕಳಿಗೆ ಇಲ್ಲ. ಕೊಠಡಿಗಳ ಕಿಟಕಿ ಬಾಗಿಲು ತೆರೆದಿಟ್ಟು ಗಾಳಿಯಾಡಿಸಲಿಲ್ಲ. ದಿನವೂ ಜೋರು ಹಾಡು, ಕೇಕೆ. ಹದಿಹರೆಯದ ಸಿಬ್ಬಂದಿಯೊಬ್ಬರಿಗೆ ಚಳಿಜ್ವರ ಬಂದ ಮೇಲೆ ಮಕ್ಕಳನ್ನು ಮನೆಗೆ ಕಳಿಸಲು ಶುರುಮಾಡಿ, ಜೂನ್ 27ಕ್ಕೆ ಶಿಬಿರ ಮುಚ್ಚಿದರು. ಆ ರಾಜ್ಯದವರೇ ಆದ 597 ಜನರಲ್ಲಿ 344 ಮಂದಿಯ ಪರೀಕ್ಷಾ ಫಲಿತಾಂಶ ಸಿಕ್ಕಿತು. 260 ಮಂದಿಗೆ ಸೋಂಕು. ‘ಚಿಕ್ಕ ಮಕ್ಕಳಿಗೆ ತಗಲಲ್ಲ’ ಎಂದು ಆಗ ಎಲ್ಲೆಡೆ ಮಾತಿತ್ತಲ್ಲ, ಅಲ್ಲಿ 6ರಿಂದ 10 ವರ್ಷದವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಗಲಿತು.

ಅದೇ ಬೇಸಿಗೆಯಲ್ಲಿ ಮೇಯ್ನ್ ರಾಜ್ಯದ ನಾಲ್ಕು ವಸತಿ ಶಿಬಿರಗಳಲ್ಲಿ 1,022 ಜನ ಇದ್ದರು. ಸೋಂಕು ಕಂಡದ್ದು ಮೂವರಲ್ಲಿ, ಅವರಿಂದ ಯಾರಿಗೂ ಹರಡಲಿಲ್ಲ. ಅಲ್ಲಿ ಮಾಸ್ಕ್ ಇತ್ತು ನಿಜ. ಅದರ ಜೊತೆ ಬರುವ ಮುಂಚೆ ಮನೆಯಲ್ಲೇ ಕ್ವಾರಂಟೈನ್, ಬಂದ ಮೇಲೂ ಪರೀಕ್ಷೆ, ಸಣ್ಣ ಸಣ್ಣ ತಂಡ, ಆದಷ್ಟೂ ಬಯಲಿನಲ್ಲೇ ಆಟಪಾಠ ಇದ್ದವು.

ಇನ್ನೊಂದು ಅತಿಯೂ ಉಂಟು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ, ಶಿಬಿರದ ಮಕ್ಕಳು ಊಟ, ಈಜು, ನಿದ್ದೆಯಂಥ ಹೊತ್ತು ಬಿಟ್ಟರೆ ಸದಾ ಮಾಸ್ಕ್ ಹಾಕಿರಬೇಕು ಎಂದಿತು. ಬಯಲಲ್ಲಿ ಓಡುವಾಗಲೂ! ವೈದ್ಯರೇ ಆಕ್ಷೇಪ ಎತ್ತಿದರು, ಮೇ ಕೊನೆಗೆ ಅದು ಸಡಿಲವಾಯಿತು. ನಮ್ಮೂರಿನ ಬಿಸಿಲಿಗೆ ಆ ನಿಯಮ ತಂದಿದ್ದರೆ ಜಾರಿ ಮಾಡಲು ಹೋದ ನಾನೇ ಮೊದಲು ತಲೆಸುತ್ತಿ ಬೀಳುತ್ತಿದ್ದೆ.

ನಾನು ಮಾಸ್ಕ್ ವಿರೋಧಿಯಲ್ಲ. ಮುಚ್ಚಿದ ಕೋಣೆಯಲ್ಲಿ ಮಕ್ಕಳನ್ನು ಸೇರಿಸಲೇಬೇಕಾದರೆ ಹಾಕಿಸಬೇಕು, ದೊಡ್ಡವರು ಮೊದಲು ಹಾಕಬೇಕು, ಅಲ್ಲಿ ಹಾಡು ಬೇಡವೇ ಬೇಡ. ಬಯಲಿಗೆ ಬಂದು ದೂರ ದೂರ ಕೂತರೆ ತೆಗೆಯಲಿ. ಆರು ವರ್ಷದ ಮಗು ಮಾತು ಕಲಿಯುವುದು ಅರ್ಧ ನನ್ನ ತುಟಿ ನೋಡಿಯೇ. ‘ಪ’ ‘ಬ’ ‘ಮ’ ಬಟ್ಟೆ ಹಿಂದೆ ಕಾಣುವುದಿಲ್ಲ. ಮುಖಕ್ಕೊಂದು ನಿಯಮ ಬರೆದು ಕೈತೊಳೆದುಕೊಳ್ಳುವುದು ಸಲೀಸು, ಖರ್ಚೆಲ್ಲ ಮಗುವಿನದು. ಕಿಟಕಿ ರಿಪೇರಿಗೆ ದೊಡ್ಡವರು ಜೇಬಿಗೆ ಕೈ ಹಾಕಬೇಕು. ನಮ್ಮ ಸರ್ಕಾರಿ ಮೇಷ್ಟ್ರುಗಳು 2020ರಲ್ಲಿ ವಿದ್ಯಾಗಮ ಎಂಬ ಸರ್ಕಾರಿ ಯೋಜನೆಯ ಹೆಸರಲ್ಲಿ ಗುಡಿ ಅಂಗಳ, ಮರದ ನೆರಳಲ್ಲಿ ಪಾಠ ಮಾಡಿದ್ದನ್ನು ಬಡತನದ ಏರ್ಪಾಡೆಂದು ನೋಡಿದವರೇ ಹೆಚ್ಚು. ಸೋಂಕಿನ ಭಯಕ್ಕೆ ಅದೂ ಅಕ್ಟೋಬರಿನಲ್ಲಿ ನಿಂತಿತು. ಆದರೆ ಗಾಳಿಯ ಲೆಕ್ಕ ಹಿಡಿದರೆ ಆ ಅಂಗಳ ನಮ್ಮ ಸಭಾಂಗಣಕ್ಕಿಂತ ಎಷ್ಟೋ ವಾಸಿ.

ಸಭಾಂಗಣ ಬಾಡಿಗೆಗೆ ಹೋದರೆ ಠೇವಣಿ ಕೇಳುತ್ತಾರೆ, ಮೈಕಿಗೆ ಪೊಲೀಸರ ಅನುಮತಿ ಕೇಳುತ್ತಾರೆ, ಕುರ್ಚಿ ಮುರಿದರೆ ಎಷ್ಟು ಎಂದೂ ಬರೆಸಿಕೊಳ್ಳುತ್ತಾರೆ. ಕಿಟಕಿ ತೆರೆಯುತ್ತದೆಯೇ ಎಂಬ ಕಾಲಂ ಆ ಅರ್ಜಿಯಲ್ಲಿ ಇವತ್ತಿಗೂ ಇಲ್ಲ. ಶಿಬಿರಕ್ಕೆ ಜಾಗ ಕೊಡುವ ಪಾಲಿಕೆ, ಸಂಘ, ಟ್ರಸ್ಟುಗಳು ಈ ವರ್ಷವೇ ಅದನ್ನು ಸೇರಿಸಲಿ. ತೆರೆಯದಿದ್ದರೆ ಬಡಗಿಯನ್ನು ಕರೆಸುವ ಖರ್ಚು ಜಾಗದ ಮಾಲೀಕರದು ಎಂದೂ ಬರೆಯಲಿ.