ಅಪ್ಪನ ಕುರ್ಚಿ

ಅಪ್ಪ ಜಗಲಿಯ ಕುರ್ಚಿ ಬಿಟ್ಟು ಒಳಗೆ ಮಂಚದ ಮೇಲೇ ಕೂರತೊಡಗಿ ಹದಿನೈದು ದಿನವಾಗಿತ್ತು. ನಾನು ಗಮನಿಸಿಯೇ ಇರಲಿಲ್ಲ. “ಏಳುವಾಗ ಕುರ್ಚಿ ಅಲ್ಲಾಡುತ್ತೆ, ತಾತಂಗೆ ಭಯ” ಎಂದದ್ದು ಐದನೇ ಕ್ಲಾಸಿನ ಮಗಳು.

ಆ ಕುರ್ಚಿಯ ಹಿಂಗಾಲು ಹೋದ ವರ್ಷವೇ ಸಡಿಲವಾಗಿತ್ತು. ಎರಡು ಮೊಳೆ ಹೊಡೆದು ಕೈತೊಳೆದುಕೊಂಡಿದ್ದೆ. ಈಗ ಮಗುಚಿ ನೋಡಿದರೆ ಮೊಳೆಯ ಪಕ್ಕದಲ್ಲೇ ಮರ ಸೀಳಿದೆ! ಮರ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಬ್ಬಿಣದ ಮೊಳೆ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಹೀಗಾಗಿ ಮೊಳೆಯ ಸುತ್ತ ಜಾಗ ಬಿಡುತ್ತಾ ಹೋಗುತ್ತದೆ.

ಭಾನುವಾರ ಅಪ್ಪ-ಮಗಳು ಕೆಲಸಕ್ಕೆ ಕೂತೆವು. ಇಕ್ಕಳದಿಂದ ಮೊಳೆ ಕಿತ್ತೆವು. ಸುತ್ತಿಗೆಯ ಪೆಟ್ಟು ನೇರ ಬೀಳದಂತೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಕಾಲು ಬಿಡಿಸಿದೆವು. ತೂತಿನೊಳಗೆ ಹಳೆಯ ಅಂಟು ಗಾಜಿನಂತೆ ಗಟ್ಟಿಯಾಗಿತ್ತು. ಅದರ ಮೇಲೆ ಹೊಸ ಅಂಟು ಹಾಕಿದರೆ ಪ್ರಯೋಜನವಿಲ್ಲ. ಅಂಟು ಮರದ ನಾರಿನೊಳಗೆ ಇಳಿದರೇ ಹಿಡಿತ. ಮಗಳು ಸ್ಯಾಂಡ್‌ಪೇಪರ್ ಹಿಡಿದು ಮರ ಕಾಣುವವರೆಗೂ ಉಜ್ಜಿದಳು.

ಅಂಟು ಹಚ್ಚುವ ಮೊದಲು ಒಮ್ಮೆ ಒಣಗಿದ್ದಾಗಲೇ ಜೋಡಿಸಿ ನೋಡಿದೆವು. ಸ್ವಲ್ಪ ಸಡಿಲವೆನಿಸಿತು. ಅಡ್ಡಪಟ್ಟಿಯ ತುದಿಗೆ ಮರದ ತೆಳುವಾದ ಚಕ್ಕೆಯೊಂದನ್ನು ಅಂಟಿಸಿ ಬಿಗಿ ಮಾಡಿಕೊಂಡೆವು. ಆಮೇಲೆ ಎರಡೂ ಕಡೆ, ಸೀಳಿನೊಳಗೂ ಫೆವಿಕಾಲ್ ಹಚ್ಚಿ ಕೂರಿಸಿ, ಸಮನೆಲದ ಮೇಲೆ ನಿಲ್ಲಿಸಿ ನಾಲ್ಕೂ ಕಾಲು ಊರುತ್ತವೆಯೇ ನೋಡಿದೆವು. ಹೊರಗೆ ಉಕ್ಕಿದ ಅಂಟನ್ನು ಒದ್ದೆಬಟ್ಟೆಯಿಂದ ಒರೆಸಿದೆವು.

ಬಿಗಿಯಾಗಿ ಹಿಡಿದಿಡಲು ಬಡಗಿಯ ಪಟ್ಟು ನಮ್ಮಲ್ಲಿಲ್ಲ. ಕಾಲುಗಳ ಸುತ್ತ ಹಗ್ಗ ಎರಡು ಸುತ್ತು ಬಿಗಿದು, ನಡುವೆ ಲಟ್ಟಣಿಗೆ ತೂರಿಸಿ ತಿರುಚಿದೆ. ಅಂಚು ನುಗ್ಗಾಗದಂತೆ ಹಗ್ಗದಡಿ ಬಟ್ಟೆ ಮಡಚಿಟ್ಟೆವು. “ಚಪಾತಿ ಯಾವುದರಲ್ಲಿ ಮಾಡಲಿ?” ಎಂದು ಅಡುಗೆಮನೆಯಿಂದ ಕೂಗು ಬಂತು. ಅಂದು ಅನ್ನ-ಸಾರು.

ಒಂದು ಇಡೀ ದಿನ ಯಾರೂ ಮುಟ್ಟಲಿಲ್ಲ. ಸೋಮವಾರ ಸಂಜೆ ಮೊದಲು ನಾನು ಕೂತು ಹಿಂದೆ ಮುಂದೆ ವಾಲಿ ನೋಡಿದೆ. ಸದ್ದಿಲ್ಲ. ಮಗಳು ತಾತನ ಕೈಹಿಡಿದು ಕರೆತಂದಳು. ಅಪ್ಪ ಕೈಪಿಡಿಯನ್ನು ಒತ್ತಿ ಅಲ್ಲಾಡಿಸಿದರು, ಬಗ್ಗಿ ಹಿಂಗಾಲನ್ನು ಸವರಿದರು.

“ಈ ಸಲ ಮೊಳೆ ಹೊಡೆದಿಲ್ಲ ತಾನೆ?” ಎಂದರು.

ಆಮೇಲೆ ಕೂತರು.