ಎಚ್‌ಟಿಟಿಪಿಎಸ್ ಒಂದೇ ಸಾಲದು

‘ಎಚ್‌ಟಿಟಿಪಿಎಸ್ ಇದ್ದಮೇಲೆ ಬೇರರ್ ಟೋಕನ್ ಸಾಕು, ಡಿಪಾಪ್ ಬರೀ ತಲೆನೋವು’ ಎಂಬ ವಾದವನ್ನು ನಾನು ಒಪ್ಪಲಾರೆ. ಟೋಕನ್ ಕಳುವಾಗುವುದು ದಾರಿಯಲ್ಲಷ್ಟೇ ಅಲ್ಲ. ಲಾಗ್ ಫೈಲಿನಿಂದ, ಬ್ರೌಸರಿಗೆ ನುಸುಳಿದ ಸ್ಕ್ರಿಪ್ಟಿನಿಂದಲೂ ಸೋರುತ್ತದೆ. ಬೇರರ್ ಟೋಕನ್ ಬೇರರ್ ಚೆಕ್ಕಿನ ಹಾಗೆ: ಯಾರ ಕೈಗೆ ಸಿಕ್ಕರೆ ಹಣ ಅವರದು. ಡಿಪಾಪ್ ವಿಧಾನವನ್ನು ನಿರೂಪಿಸುವ 2023ರ ಆರ್‌ಎಫ್‌ಸಿ 9449 ಟೋಕನ್ನನ್ನು ಕ್ಲೈಂಟಿನ ಕೀಲಿಗೆ ಕಟ್ಟುತ್ತದೆ. ಪ್ರತಿ ಕೋರಿಕೆಗೂ ಹೊಸ ಸಹಿ ಬೇಕು. ರಿಸರ್ವ್ ಬ್ಯಾಂಕ್ 1996ರಲ್ಲಿ ಸ್ಥಾಪಿಸಿದ, ನಮ್ಮ ಹೈದರಾಬಾದಿನ ಮಾಸಾಬ್ ಟ್ಯಾಂಕ್‌ನಲ್ಲಿರುವ ಐಡಿಆರ್‌ಬಿಟಿ ಬ್ಯಾಂಕುಗಳಿಗೆ ಡಿಜಿಟಲ್ ಸರ್ಟಿಫಿಕೇಟ್ ಕೊಟ್ಟಿದ್ದೂ ಇದೇ ನೆಲೆಯಲ್ಲಿ: ಕೀಲಿ ತನ್ನಲ್ಲಿದೆ ಎಂದು ಸಹಿಯಿಂದ ತೋರಿಸಿದವರಿಗೆ ಮಾತ್ರ ಪ್ರವೇಶ.

‘ಎಲ್ಲ ತಪ್ಪಿಗೂ ಬರೀ 401 (ದೃಢೀಕರಣ ವಿಫಲ) ಸಾಕು’ ಎಂಬುದಂತೂ ಇನ್ನೂ ಅಪಾಯದ ಮಾತು. ಇದೇ ಊರಿನ ಮಾದಾಪುರದ ಕಚೇರಿಯೊಂದರಲ್ಲಿ ಕಣ್ಣಾರೆ ಕಂಡಿದ್ದೇನೆ. ಸರ್ವರ್ 401ರ ಜೊತೆಗೇ ‘ಯೂಸ್_ಡಿಪಾಪ್_ನಾನ್ಸ್’ ಎಂದು ಹೇಳಿ ಹೊಸ ನಾನ್ಸ್ (ಸಹಿಗೆ ಸೇರಿಸಬೇಕಾದ ಸಂಕೇತ) ಕೊಟ್ಟಿತ್ತು. ಅದನ್ನು ಸೇರಿಸಿ, ಮತ್ತೆ ಸಹಿ ಹಾಕಿ ಕಳಿಸಿದ್ದರೆ ಮುಗಿಯುತ್ತಿತ್ತು. ಅಲ್ಲಿನ ಆ್ಯಪ್ ಆ ಸಂದೇಶವನ್ನು ಓದಲೇ ಇಲ್ಲ; 401 ಕಂಡೊಡನೆ ಬಳಕೆದಾರರನ್ನು ಲಾಗೌಟ್ ಮಾಡಿತು. ದೂರು ಹೆಚ್ಚಿದಾಗ ತಂಡ ಮಾಡಿದ್ದೇನು? ಕೀಲಿಗೆ ಕಟ್ಟಿದ ಟೋಕನ್ನನ್ನೇ ಬೇರರ್ ಎಂದೂ ಸ್ವೀಕರಿಸತೊಡಗಿತು. ಹಾಗೆ ಬಂದದ್ದನ್ನು ತಿರಸ್ಕರಿಸಲೇಬೇಕು ಎನ್ನುತ್ತದೆ ಆರ್‌ಎಫ್‌ಸಿ. ಅಂದಿನಿಂದ ಟೋಕನ್ ಕದ್ದವನಿಗೆ ಆ ಸರ್ವರಿನಲ್ಲಿ ಕೀಲಿಯ ಅಗತ್ಯವೇ ಉಳಿಯಲಿಲ್ಲ.